ಪಿದ್ಯೊ ಒಬ್ಬನೇ ಕೇಳಿದ ದನಿ

ಎಲ್ಪಿಡಿಯೊ ದೆಮಾಯ್ಸಿಪ್ ನಮ್ಮ ಇಲೊಯಿಲೊ ಊರಿನ ರೇಡಿಯೊದಲ್ಲಿ ಯಂತ್ರಗಳನ್ನು ನೋಡಿಕೊಳ್ಳುವವನು. ಊರಿಗೆಲ್ಲ ಅವನು ನೊಂಗ್ ಪಿದ್ಯೊ, ಅಂದರೆ ಪಿದ್ಯಣ್ಣ. ಮೈಕಿನ ಮುಂದೆ ಬಾಯಿ ಬಿಡು ಎಂದರೆ ಬೆವರುವ ಆಸಾಮಿ. ನಾನು ಅದೇ ರೇಡಿಯೊದಲ್ಲಿ ಬೆಳಗಿನಿಂದ ವಟಗುಟ್ಟುವವಳು, ಬಾಯಿ ಮುಚ್ಚು ಎಂದರೆ ಬೆವರುತ್ತೇನೆ. ಅದಕ್ಕೇ ಏನೋ, ನಮ್ಮಿಬ್ಬರಿಗೆ ಚೆನ್ನಾಗಿ ಹೊಂದುತ್ತಿತ್ತು. ನನ್ನನ್ನವನು ಕರೆಯುತ್ತಿದ್ದದ್ದು ಇಂದೈ, ಅಂದರೆ ತಂಗಿ ಎಂದು.

ನಮ್ಮೂರಿನಲ್ಲಿ ಮನೆಗೊಬ್ಬ ಹಡಗಿನ ಮೇಲಿರುತ್ತಾನೆ. ಎಲ್ಲರ ಕೈಗೂ ಫೋನು ಬರುವ ಮೊದಲು ಆ ಗಂಡಸರು ಯಾವುದೋ ಬಂದರಿನಿಂದ ನಮ್ಮ ರೇಡಿಯೊಗೆ ಕರೆ ಮಾಡಿ ಹೆಂಡತಿ ಮಕ್ಕಳಿಗೆ ನಾಲ್ಕು ಮಾತು ಹೇಳುತ್ತಿದ್ದರು. ಅದನ್ನು ಹಿಡಿದಿಟ್ಟು, ಭಾನುವಾರ ಇಗರ್ಜಿಯ ಪೂಜೆ ಮುಗಿದ ಮೇಲೆ ಬಿತ್ತರಿಸುತ್ತಿದ್ದೆವು. ಮೂಲದ ಕ್ಯಾಸೆಟ್ಟುಗಳು ಪ್ರವಾಹದಲ್ಲಿ ಹೋದವು. ಉಳಿದದ್ದು ಒಂದು ಹಳೆಯ ಕಂಪ್ಯೂಟರಿನಲ್ಲಿದ್ದಷ್ಟೇ. ಅದೂ ಸಾಯುವ ಹೊತ್ತಿಗೆ ಪಿದ್ಯೊ ಅದರ ಡಿಸ್ಕನ್ನು ಇದ್ದ ಹಾಗೆಯೇ ಒಂದು ದೊಡ್ಡ ಫೈಲಾಗಿ ಇಳಿಸಿಕೊಂಡ. ಹೊಸ ಕಂಪ್ಯೂಟರಿನ ಹೊಟ್ಟೆಯೊಳಗೆ ಹಳೆಯದನ್ನೇ ನಡೆಸತೊಡಗಿದ. ಪರದೆಯ ಮೇಲೆ ಒಂದು ಕಿಟಕಿ, ಅದರೊಳಗೆ ಅದೇ ಹಳೆಯ ಯಂತ್ರ, ಅದೇ ಆಮೆ ನಡಿಗೆ. ನಾವದಕ್ಕೆ ಅಜ್ಜಿ ಎಂದು ಹೆಸರಿಟ್ಟಿದ್ದೆವು. ಜಾಹೀರಾತುಗಳೂ ಅಜ್ಜಿಯ ಬಾಯಿಂದಲೇ ಹೋಗುತ್ತಿದ್ದವು. ಅಜ್ಜಿಯ ಡಿಸ್ಕಿಗೆ ಇನ್ನೊಂದು ಪ್ರತಿ ಇರಲಿ ಎಂದು ಪಿದ್ಯೊ ಕೇಳಿದಾಗ, ಮೊದಲು ಎಸಿ ರಿಪೇರಿಯಾಗಲಿ ಎಂದರು ಮಾಲೀಕರು. ಎಸಿ ಇವತ್ತಿಗೂ ತೊಟ್ಟಿಕ್ಕುತ್ತಿದೆ.

ಇಲ್ಲಿ ಕರೆಂಟು ಹೋಗುವುದು ದಿನದ ಮಾತು. ಹೋದೊಡನೆ ಬ್ಯಾಟರಿ ಕೀಚು ಕೀಚು ಎನ್ನುತ್ತದೆ, ಹತ್ತಿರ ಇದ್ದವರು ಓಡಿಹೋಗಿ ಅಜ್ಜಿಯನ್ನು ಮಲಗಿಸಬೇಕು. ಆರಿಸಿಬಿಟ್ಟರೆ ಮತ್ತೆ ಎಬ್ಬಿಸುವಷ್ಟರಲ್ಲಿ ಒಂದು ಬಟ್ಟಲು ಬಾಚೊಯ್ ಸಾರು ಕುಡಿದು ಮುಗಿಸಬಹುದು. ಮಲಗಿಸಿದರೆ ಎಲ್ಲವನ್ನೂ ನೆನಪಿಟ್ಟುಕೊಂಡು, ಬಿಟ್ಟಲ್ಲಿಂದಲೇ ಕಣ್ಣು ಬಿಡುತ್ತಾಳೆ. ಹೊಸಬರು ಯಾರು ಬಂದರೂ ಪಿದ್ಯೊ ಹೇಳುವ ಪಾಠ ಒಂದೇ.

“ಆರ್ಸಿದ್ದು ಬೇರೆ, ಮಲಗ್ಸಿದ್ದು ಬೇರೆ. ಮಲಗಿರೋವಾಗ ಅವಳ ಡಿಸ್ಕಿಗೆ ಹೊರಗಿಂದ ಕೈ ಹಾಕ್ಬೇಡಿ. ಅವಳ ತಲೇಲಿ ಮನೆ ನಿನ್ನೆ ಹೆಂಗಿತ್ತೋ ಹಂಗೇ ಇರುತ್ತೆ. ನೀವು ಪಾತ್ರೆ ಜಾಗ ಬದಲಾಯ್ಸಿದ್ರೆ, ಎದ್ದೋಳು ಎಲ್ಲಾ ಎಡವಿ ಒಡೆದು ಹಾಕ್ತಾಳೆ.”

“ನಿಮ್ಮತ್ತೆ ಥರ ಅನ್ನು, ನೊಂಗ್,” ಎಂದು ನಾನು ಕಿಚಾಯಿಸುತ್ತಿದ್ದೆ.

“ನಮ್ಮತ್ತೆ ಮಲಗಿದ್ರೆ ತಾನೆ!”

ಕಳೆದ ವರ್ಷ ಮಳೆಗಾಲಕ್ಕೆ ಮುಂಚೆ ಬಸ್ಯೊನ್ ಎಂಬ ಹೆಂಗಸು ಮಗಳನ್ನು ಕರೆದುಕೊಂಡು ಬಂದಳು. ಮಾರುಕಟ್ಟೆಯಲ್ಲಿ ಒಣಮೀನು ಮಾರುವವಳು. ಅವಳ ಗಂಡ ಅಬುಂದಿಯೊ ಹಡಗಿನಿಂದ ರೇಡಿಯೊಗೆ ಒಂದೇ ಒಂದು ಸಲ ಕರೆ ಮಾಡಿದ್ದ. ಅದು ಬಿತ್ತರವಾದ ಭಾನುವಾರ ಇವಳು ಹೆರಿಗೆ ನೋವಿನಲ್ಲಿದ್ದಳು. ಮಗುವಿಗೆ ಹೆಸರಿಡುವ ಮೊದಲೇ ಹಡಗು ಮುಳುಗಿತು, ಹೆಣವೂ ಸಿಗಲಿಲ್ಲ. ಆಮೇಲೆ ಅದನ್ನು ಕೇಳುವ ಧೈರ್ಯ ಅವಳಿಗೆ ಬರಲೇ ಇಲ್ಲ.

“ಶನಿವಾರ ಇವಳ ಮದ್ವೆ,” ಎಂದಳು ಬಸ್ಯೊನ್. “ಅಪ್ಪ ಬರ್ಬೇಕಂತೆ. ಎಲ್ಲಿಂದ ತರ್ಲಿ? ದನೀನಾದ್ರೂ ಬರ್ಲಿ ಅಂತ.”

ಮಗಳು ಮರಿವಿಕ್ ಮೆಲ್ಲಗೆ ಹೇಳಿದಳು, “ನಮ್ಮಪ್ಪಂದು ದಪ್ಪ ದನಿಯೋ ಸಣ್ಣ ದನಿಯೋ ಅಂತಾನೂ ಗೊತ್ತಿಲ್ಲ, ನೊಂಗ್. ಅಮ್ಮಂಗೂ ಈಗ ನೆನಪಿಲ್ವಂತೆ.”

ಅದನ್ನು ಕೇಳಿ ಪಿದ್ಯೊ ಊಟಕ್ಕೂ ಏಳದೆ ಹುಡುಕಿದ. ಅಜ್ಜಿಯೊಳಗೆ ಅಬುಂದಿಯೊನ ಫೈಲಿನ ಹೆಸರು ಸಿಕ್ಕಿತು, ತೆರೆಯಲು ಹೋದರೆ ಓದಲಾಗುವುದಿಲ್ಲ ಎಂದಿತು. ಏನೇನೋ ಮಾಡಿ ನೋಡುತ್ತಿರುವಾಗಲೇ ಕರೆಂಟು ಹೋಯಿತು. ಬ್ಯಾಟರಿ ಕಿರುಚಿತು. ಪಿದ್ಯೊ ತಾನೇ ಅಜ್ಜಿಯನ್ನು ಮಲಗಿಸಿ ಮನೆಗೆ ಹೋದ.

ಮಾರನೆಯ ಬೆಳಗ್ಗೆ ಬಂದವನಿಗೆ ಆ ಫೈಲಿನ ಧ್ಯಾನ ಬಿಟ್ಟರೆ ಬೇರೇನೂ ತಲೆಯಲ್ಲಿರಲಿಲ್ಲ. ಒಳಗಿನಿಂದ ಬಾರದ್ದು ಹೊರಗಿನಿಂದ ಬಂದೀತು ಎಂದುಕೊಂಡು, ಅಜ್ಜಿಯನ್ನು ಎಬ್ಬಿಸದೆಯೇ, ಅವಳ ಡಿಸ್ಕನ್ನು ಹೊಸ ಕಂಪ್ಯೂಟರಿಗೆ ಜೋಡಿಸಿ ತೆರೆದ. ಈ ಡಿಸ್ಕಿನಲ್ಲಿ ದೋಷವಿದೆ, ಸರಿಪಡಿಸಲೇ ಎಂದು ಅದು ಕೇಳಿತು. ಸರಿಪಡಿಸು ಎಂದ. ಎಲ್ಲರಿಗೂ ಪಾಠ ಹೇಳಿದವನೇ ಪಾತ್ರೆಗಳ ಜಾಗ ಬದಲಾಯಿಸಿದ.

ಫೈಲು ತೆರೆಯಿತು! ಗಾಜಿನ ಈಚೆ ಕೂತು ನಾನು ಮೀನಿನ ದರ ಓದುತ್ತಿದ್ದೆ. ಆಚೆ ಪಿದ್ಯೊ ಹೆಡ್‌ಫೋನು ಹಾಕಿಕೊಂಡು ಕಣ್ಣು ಮುಚ್ಚಿ ಕೂತಿದ್ದ. ಮುಗಿದ ಮೇಲೆ ಅಂಗಿಯ ತೋಳಿನಿಂದ ಮುಖ ಒರೆಸಿಕೊಂಡು ಬಸ್ಯೊನ್‌ಗೆ ಫೋನು ಮಾಡಿದ. “ಬನ್ನಿ ಅಕ್ಕಾ. ಸಿಕ್ಕಿದಾರೆ.”

ಅಷ್ಟರಲ್ಲಿ ಜಾಹೀರಾತಿನ ಹೊತ್ತಾಯಿತು, ಅಜ್ಜಿ ಏಳಬೇಕು. ಹೊರಗಿನಿಂದ ಹಿಡಿದ ಡಿಸ್ಕನ್ನು ಬಿಟ್ಟರೆ ಮಾತ್ರ ಅವಳು ಏಳುವುದು. ಸರಿಯಾಯಿತಲ್ಲ, ಇನ್ನೆಲ್ಲಿಗೆ ಹೋಗುತ್ತದೆ, ಆಮೇಲೆ ನಕಲು ತೆಗೆದರಾಯಿತು ಎಂದು ಡಿಸ್ಕನ್ನು ಬಿಟ್ಟ, ಅವಳನ್ನು ಎಬ್ಬಿಸಿದ. ಅವಳು ಎದ್ದಳು, ನಿನ್ನೆಯ ನೆನಪಿನಲ್ಲೇ ಎದ್ದಳು. ತನ್ನ ತಲೆಯಲ್ಲಿದ್ದ ಹಳೆಯ ಲೆಕ್ಕವನ್ನೆಲ್ಲ ಇವನು ಸರಿಪಡಿಸಿದ ಡಿಸ್ಕಿನ ಮೇಲೆ ಬರೆದಳು. ಸಾಬೂನಿನ ಹಾಡು ಅರ್ಧಕ್ಕೆ ನಿಂತಿತು. ತಲೆಯೆತ್ತಿ ನೋಡಿದರೆ ಪಿದ್ಯೊನ ಮುಖದಲ್ಲಿ ರಕ್ತವಿಲ್ಲ.

ತಾಯಿ ಮಗಳು ಓಡೋಡಿ ಬಂದಾಗ ಅವನು ಇನ್ನೂ ಕೀಲಿಗಳನ್ನು ಒತ್ತುತ್ತಲೇ ಇದ್ದ. ಪರದೆಯ ಮೇಲೆ ಅಪ್ಪನ ಹೆಸರು ಕಂಡ ಮರಿವಿಕ್ ತಾನೇ ಹೆಡ್‌ಫೋನು ಏರಿಸಿಕೊಂಡಳು. ಹೆಸರೇನೋ ಇತ್ತು. ಒಳಗೆ ಗರಗರ ಸದ್ದು, ನಡುವೆ ಆ ಸಾಬೂನಿನ ಹಾಡಿನ ತುಂಡು. ಅವಳು ಬಹಳ ಹೊತ್ತು ಕೇಳಿದಳು, ಇನ್ನೇನು ಬಂದೀತು ಎಂಬಂತೆ. ನನಗೆ ಆ ಡಬ್ಬವನ್ನು ಎತ್ತಿ ಕಿಟಕಿಯಾಚೆ ಬಿಸಾಡುವಷ್ಟು ಸಿಟ್ಟು ಬಂದಿತ್ತು.

ಬಸ್ಯೊನ್ ಅಳಲಿಲ್ಲ. “ನೀವು ಕೇಳಿದ್ರಲ್ಲ,” ಎಂದಳು. “ಏನಂದ್ರು?”

ಪಿದ್ಯೊ ಬೆವರುತ್ತ, ತಡವರಿಸುತ್ತ ಹೇಳಿದ. “ಬಸ್ಯೊನ್, ಇಲ್ಲಿ ಭಾರೀ ಚಳಿ. ನಾನು ಚೆನ್ನಾಗಿದೀನಿ. ಬಸ್ರಿ ಹೆಂಗ್ಸು ನೆಲ ಒರೆಸ್ಬೇಡ, ಅಮ್ಮ ಬೈದ್ರೆ ಬೈಲಿ. ಮಗೂಗೆ ನಡೆಯೋದು ಮಾತ್ರ ಕಲಿಸ್ಬೇಡ ಕಣೇ, ನಾನು ಬರೋವರ್ಗೂ.”

ಶನಿವಾರ ಮದುವೆಯ ಊಟದಲ್ಲಿ ತಾಯಿ ಮಗಳು ಪಿದ್ಯೊನ ಕೈಗೆ ಮೈಕು ಕೊಟ್ಟರು. ಬೇಡ ಎನ್ನಲು ಅವನಿಗೆ ಬಾಯಿಲ್ಲ. ಅಷ್ಟು ಜನರ ಮುಂದೆ ಅದನ್ನೇ ಹೇಳಿದ. ಆಮೇಲೆ ವಾರಗಟ್ಟಲೆ ಆ ಡಿಸ್ಕನ್ನು ಜಾಲಾಡಿದ, ಸಿಕ್ಕಿದ್ದು ಬರೀ ಗರಗರ. ಊಟ ಸೇರುತ್ತಿರಲಿಲ್ಲ, ನಗು ಮರೆತ. ಮರಿವಿಕ್ ಆಗಾಗ ಬರುವಳು, ತಿಂಡಿ ತರುವಳು, ಇನ್ನೊಂದ್ಸಲ ಹೇಳಿ ನೊಂಗ್ ಎನ್ನುವಳು. ಅವನು ಹೇಳುವನು. ಹೇಳಿ ಹೇಳಿ ತಡವರಿಸುವುದೂ ನಿಂತುಹೋಯಿತು.

ಮೊನ್ನೆ ಅವಳು ತುಂಬು ಬಸುರಿ, ಏದುಸಿರು ಬಿಡುತ್ತ ಬಂದಳು. ಕೇಳಿಸಿಕೊಂಡು, ಅವನ ಕೈ ಹಿಡಿದು ಹೇಳಿದಳು, “ನೀವು ಬೇಜಾರು ಮಾಡ್ಕೋಬೇಡಿ. ಈಗ ಕಣ್ಮುಚ್ಚಿದ್ರೆ ಅಪ್ಪ ಮಾತಾಡ್ತಾರೆ. ನಿಮ್ಮ ದನೀಲೇ.”

ಪಿದ್ಯೊ ಬೆಚ್ಚಿದ. “ಅಲ್ಲಮ್ಮ, ಅವ್ರ ದನಿ ನನ್ನ ಥರ ಇರ್ಲಿಲ್ಲ.”

“ಮತ್ತೆ ಹೆಂಗಿತ್ತು?”

ಅವನು ಹೇಳಲು ಬಾಯಿ ತೆರೆದ. ಹೆಡ್‌ಫೋನು ಎತ್ತಿ ಕಿವಿಗೆ ಒತ್ತಿಕೊಂಡ, ಮತ್ತೆ ಕೆಳಗಿಟ್ಟ. ಅವಳು ಸೊಂಟಕ್ಕೆ ಕೈಕೊಟ್ಟು ಎದ್ದುಹೋದಳು.

ಬಾಗಿಲು ಮುಚ್ಚಿದ ಮೇಲೆ ಅವನು ನನ್ನ ಕಡೆ ತಿರುಗಿದ.

“ಇಂದೈ, ಈಗ ನಂಗೂ ಅವ್ರ ಮಾತು ನನ್ ದನೀಲೇ ಕೇಳ್ಸುತ್ತೆ.”