ಮಾತ್ರೆಯ ಅಸಲು ಹೆಸರು

ಅವರ ಬಲಗೈ ಹೆಬ್ಬೆರಳಿನ ಬುಡ ಕತ್ತರಿ ಹಿಡಿದು ಹಿಡಿದು ಜಡ್ಡುಗಟ್ಟಿತ್ತು. ಚನ್ನಪಟ್ಟಣದ ನಮ್ಮ ಬೀದಿಯಲ್ಲಿ ಅವರದು ಮೆಡಿಕಲ್ ಸ್ಟೋರು. ನಾಲ್ಕೇ ಮಾತ್ರೆ ಕೇಳಿದರೂ ಔಷಧಿಯ ಅಸಲು ಹೆಸರು ಗಿರಾಕಿಯ ತುಂಡಿನಲ್ಲೇ ಉಳಿಯುವಂತೆ ಶೀಟು ಕತ್ತರಿಸುವುದು ಅವರ ಹಟ.

"ಇದು ಕಂಪ್ನಿಯೋರು ಇಟ್ಟಿರೋ ಹೆಸ್ರು ಕಣವ್ವ, ಇದು ಔಷ್ದಿ ಹೆಸ್ರು. ಇದು ಗೊತ್ತಿದ್ರೆ ಯಾವ ಊರಲ್ಲಾದ್ರೂ ಕೇಳ್ಬೋದು, ಯಾವ ಕಂಪ್ನಿದಾದ್ರೂ ತಗೋಬೋದು."

ಆಮೇಲೆ ಶೀಟು ತಿರುಗಿಸಿ, ಒಂದೊಂದು ಮಾತ್ರೆಯ ಬೆನ್ನಿಗೂ ಪೆನ್ನಿನಲ್ಲಿ ವಾರ ಬರೆಯುತ್ತಿದ್ದರು: ಸೋಮ, ಮಂಗಳ, ಬುಧ. ನೆಂಟಸ್ತಿಕೆ ಇಲ್ಲದಿದ್ದರೂ ನನಗೆ ಅವರು ಮಾವ.

ದೊಡ್ಡಮಳೂರಿನ ಅಜ್ಜಿಯೊಬ್ಬರು ಸಕ್ಕರೆ ಕಾಯಿಲೆಯ ಮಾತ್ರೆಯನ್ನು ದಿನ ಬಿಟ್ಟು ದಿನ ನುಂಗುತ್ತಿರುವುದು ಒಮ್ಮೆ ಗೊತ್ತಾಯಿತು. ಮಾವ ಕತ್ತರಿ ಕುಕ್ಕಿದರು.

"ಏನಜ್ಜಿ, ಕಾಯ್ಲೆನೂ ಒಂದಿನ ಬುಟ್ಟು ಒಂದಿನ ಬತ್ತದಾ?"

"ದಿನಾ ನುಂಗಕ್ಕೆ ನಾನೇನು ಸಾವ್ಕಾರ್ತಿನಾ?"

ಮಾವ ಡಾಕ್ಟರಿಗೆ ಫೋನ್ ಮಾಡಿ ಕೇಳಿ, ಅದೇ ಔಷಧಿಯನ್ನು ಅಗ್ಗಕ್ಕೆ ಮಾಡುವ ಇನ್ನೊಂದು ಕಂಪನಿಯ ಶೀಟು ಕೊಟ್ಟರು.

ನಾನು ಆಗ ಕಾಲೇಜಿನ ಚರ್ಚಾಪಟು. ಔಷಧಿಯ ಪೇಟೆಂಟ್ ಕಾನೂನನ್ನೂ ಇಂಟರ್‌ನೆಟ್ ಪೈರಸಿ ಕಾನೂನನ್ನೂ ವಿದೇಶಗಳು ಕೇಳುವಷ್ಟು ಬಿಗಿ ಮಾಡಬೇಕೆಂದು ರಾಮನಗರದಲ್ಲಿ ವಾದಿಸಿ ಕಪ್ ಗೆದ್ದೆ. "ಕದ್ದ ಸಿನಿಮಾ ನೋಡುವವನೂ ನಕಲು ಮಾಡಿದ ಮಾತ್ರೆ ನುಂಗುವವನೂ ಕಳ್ಳರೇ" ಎಂದಾಗ ಚಪ್ಪಾಳೆ ಬಿದ್ದಿತ್ತು. ಕಪ್ಪನ್ನು ನೇರ ಅಂಗಡಿಗೆ ಒಯ್ದು ಆ ಮಾತನ್ನು ಮತ್ತೊಮ್ಮೆ ಒಪ್ಪಿಸಿದೆ.

ಮಾವ ಕಪ್ಪನ್ನು ಬಟ್ಟೆಯಿಂದ ಒರೆಸುತ್ತ ಕೇಳಿದರು: "ಅಲ್ಲ ಕಣವ್ವ, ಸಿನಿಮಾ ನೋಡ್ದೆ ಯಾರಾನ ಸತ್ತವ್ರಾ?"

"ಮಾವ, ಅದು ಭಾವನೆ. ವಾದ ಅಲ್ಲ."

"ಆಯ್ತು ಬುಡವ್ವ, ನೀನೇ ಗೆದ್ದೆ" ಎಂದು ನಕ್ಕರು.

ಅವರ ರಕ್ತದಲ್ಲಿ ಆಗಲೇ ಕ್ಯಾನ್ಸರ್ ಇತ್ತು. ಅದು ನನಗೆ ಗೊತ್ತಾದದ್ದು ಅವರು ಅಂಗಡಿಗೆ ಬರುವುದು ನಿಂತ ಮೇಲೆ. ಡಾಕ್ಟರು ಬರೆದ ಮಾತ್ರೆ ಒಂದೇ ಒಂದು ವಿದೇಶಿ ಕಂಪನಿಯದು, ಬೆಲೆ ಅಂಗಡಿಯ ಸಂಪಾದನೆಗೆ ಎಟುಕದಷ್ಟು; ಪೇಟೆಂಟ್ ಮುಗಿಯುವ ತನಕ ಇನ್ನೊಬ್ಬರು ಮಾಡುವಂತಿಲ್ಲ. ಊರಿಗೆಲ್ಲ ಅಸಲು ಹೆಸರು ಕಲಿಸಿದವರಿಗೆ, ಹೆಸರು ಗೊತ್ತಿದ್ದೂ ಕೇಳಲು ಇನ್ನೊಂದು ಕಂಪನಿ ಇರಲಿಲ್ಲ.

ಹೊಸ ಔಷಧಿ ಕಂಡುಹಿಡಿಯಲು ಖರ್ಚಾಗುತ್ತದೆ, ಒಪ್ಪಿದೆ. ಕಂಡುಹಿಡಿದವರಿಗೆ ಲಾಭ ಬೇಕು, ಅದನ್ನೂ ಒಪ್ಪಿದೆ. ಆದರೆ ಬೆಲೆ ಜನರ ಕೈಗೆ ಎಟುಕದಿದ್ದರೆ ಬೇರೆಯವರಿಗೂ ಮಾಡಲು ಅನುಮತಿ ಕೊಡುವ ದಾರಿ ನಮ್ಮ ಕಾನೂನಿನಲ್ಲೇ ಇದೆ. ಆ ದಾರಿ ತುಳಿಯಬೇಡಿ ಎಂದು ಸಾಗರದಾಚೆಯವರು ಕಣ್ಣು ಬಿಡುತ್ತಾರೆ. ತಮ್ಮ ಕಂಪನಿಗಳ ಹಕ್ಕು ಕಾಯದ ದೇಶಗಳೆಂದು ವರ್ಷ ವರ್ಷ ಪಟ್ಟಿ ಮಾಡಿ, ಸಿನಿಮಾ ಕದಿಯುವವರ ಸಾಲಿನಲ್ಲೇ ನಮ್ಮ ಔಷಧಿ ಕಾನೂನನ್ನೂ ನಿಲ್ಲಿಸುತ್ತಾರೆ. ವ್ಯಾಪಾರದ ಮಾತುಕತೆ ಎನ್ನುತ್ತಾರೆ ಇದಕ್ಕೆ. ಬೆದರಿಕೆ ಎನ್ನಲು ಇವರಿಗೇನು ನಾಚಿಕೆಯೋ! ಬೆದರುವ ನಮ್ಮವರಿಗೆ ಆ ನಾಚಿಕೆಯೂ ಇಲ್ಲ. ಆ ಪಟ್ಟಿ ಬರೆದವರ ಮಾತನ್ನೇ ಕನ್ನಡಕ್ಕೆ ತಂದು ಕಪ್ ಹೊಡೆದ ನನಗಂತೂ ಮೊದಲೇ ಇಲ್ಲ.

ಮಾವ ತೀರಿಕೊಂಡ ಮೇಲೆ, ಉಳಿದ ಔಷಧಿಯನ್ನು ಆಸ್ಪತ್ರೆಗೆ ಕೊಟ್ಟು ಬರಲು ಅತ್ತೆ ನನ್ನನ್ನು ಕರೆದರು.

"ಒಂದಿನಾನೂ ತಪ್ಪಿಸ್ನಿಲ್ಲ ಕಣವ್ವ ನಿಮ್ಮಾವ. ಆದ್ರೂ ಉಳೀನಿಲ್ಲ."

ಶೀಟು ಕೈಗೆತ್ತಿಕೊಂಡೆ. ಅಸಲು ಹೆಸರು ಉಳಿಯುವಂತೆಯೇ ಕತ್ತರಿಸಿದ್ದರು. ಬೆನ್ನಿಗೆ ತಿರುಗಿಸಿದೆ. ಅದೇ ಪೆನ್ನು, ಅದೇ ದುಂಡನೆಯ ಅಕ್ಷರ: ಸೋಮ, ಬುಧ, ಶುಕ್ರ.

"ಹೂಂ ಅತ್ತೆ, ತಪ್ಪಿಸಿಲ್ಲ" ಎಂದೆ. ನನ್ನ ಬಾಯಿಂದ ಬಂದ ವಾದಗಳಲ್ಲಿ ಅಷ್ಟು ಕಷ್ಟದ್ದು ಇನ್ನೊಂದಿಲ್ಲ.

ಮಂಗಳವಾರವೂ ಕಾಯಿಲೆ ಬರುತ್ತಿತ್ತು.