ಭದ್ರಾವತಿ ರಸ್ತೆಯಲ್ಲಿ ನಡೆದ ಪರೀಕ್ಷೆ

ನಮ್ಮ ಮರಗೆಲಸದ ಮೇಷ್ಟ್ರ ಹುಬ್ಬಿನಲ್ಲಿ ಯಾವಾಗಲೂ ಮರದ ಪುಡಿ ಇರುತ್ತಿತ್ತು. ತಲೆಯ ಮೇಲೆ ಗಂಜಿ ಹಾಕಿದ ಬಿಳಿ ಪೇಟ, ಕತ್ತಿನವರೆಗೆ ಗುಂಡಿ ಹಾಕಿದ ಕರಿ ಕೋಟು, ಕಚ್ಚೆ ಪಂಚೆ. ಅಲ್ಲಿಯವರೆಗೆ ಅವರು ಬೇರೆ ಮೇಷ್ಟ್ರುಗಳ ಹಾಗೇ. ಆದರೆ ಪೇಟದ ಕೆಳಗಿನ ಆ ಎರಡು ಪೊದೆ ಹುಬ್ಬುಗಳು ಮಾತ್ರ ಅವರ ಕಸುಬನ್ನು ಊರಿಗೆಲ್ಲ ಸಾರುತ್ತಿದ್ದವು. ಪುಡಿ ಹಳದಿಯಾಗಿದ್ದರೆ ಬೆಳಗಿನಿಂದ ಹೊನ್ನೆ ಕೊಯ್ದಿದ್ದಾರೆ, ಕಂದಾಗಿದ್ದರೆ ಬೀಟೆ ಎಂದು ಶಿವಮೊಗ್ಗದ ದುರ್ಗಿಗುಡಿಯ ಹುಡುಗರಾದ ನಾವು ದೂರದಿಂದಲೇ ಹೇಳುತ್ತಿದ್ದೆವು. "ಮೇಷ್ಟ್ರೇ, ಹುಬ್ಬು ಒರೆಸ್ಕೊಳ್ಳಿ" ಎಂದರೆ, "ಇರ್ಲಿ ಬಿಡ್ರೋ, ಸಂಬಳದ ಜೊತೆ ಸಿಗೋದು ಅದೊಂದೇ" ಎಂದು ನಗುತ್ತಿದ್ದರು.

ಹೊಗಳುವುದು ಅವರಿಗೆ ಬರುತ್ತಿರಲಿಲ್ಲ. ನಾವು ಎರಡು ಮರ ಕೂಡಿಸಿ ಮುಂದೆ ಇಟ್ಟರೆ ಸಂದಿನ ಮೇಲೆ ಹೆಬ್ಬೆರಳು ಒತ್ತಿ ಕಣ್ಣು ಮುಚ್ಚುತ್ತಿದ್ದರು. ಬೆರಳಿಗೆ ಸಂದು ಸಿಕ್ಕರೆ, "ಇನ್ನೊಂದ್ಸಲ ನೋಡು ಮಾರಾಯ." ಸಿಗದಿದ್ದರೆ, "ಮುಂದೆ." ಅಷ್ಟೇ. ಆ "ಮುಂದೆ" ಕೇಳಿಸಿಕೊಳ್ಳಲು ನಾನು ಊಟ ಬಿಟ್ಟು, ಮರ ನುಣುಪಾಗುವವರೆಗೆ ತೋಪಡ ಹೊಡೆದಿದ್ದೇನೆ. ಲೆಕ್ಕದ ತರಗತಿಯಲ್ಲಿ ಬೆಂಚಿನ ಮೇಲೆ ನಿಲ್ಲುತ್ತಿದ್ದವನು ನಾನು. ಮರಗೆಲಸದ ಶೆಡ್ಡಿನಲ್ಲಿ ಮಾತ್ರ ನನ್ನನ್ನು ಯಾರೂ ಕೂರಿಸಲೂ ಇಲ್ಲ, ನಿಲ್ಲಿಸಲೂ ಇಲ್ಲ. ಕೆಲಸ ಕೊಟ್ಟರು.

ಪ್ರತಿ ವರ್ಷ ನಾವು ಸೀಮೆಸುಣ್ಣದ ಪೆಟ್ಟಿಗೆ, ಮಣೆ, ಬಹಳವೆಂದರೆ ಒಂದು ಸ್ಟೂಲು ಮಾಡುತ್ತಿದ್ದೆವು. ಹೆಡ್ಮಾಸ್ತರರು ಅವನ್ನು ಮೇಜಿನ ಮೇಲೆ ಜೋಡಿಸಿ ಬಂದವರಿಗೆ ತೋರಿಸುತ್ತಿದ್ದರು. ನಾನು ಶಾಲೆಯಲ್ಲಿದ್ದ ಕೊನೆಯ ವರ್ಷ, ಶಾಲೆ ತೆರೆದ ದಿನವೇ ಮೇಷ್ಟ್ರು ಶೆಡ್ಡಿನ ನೆಲದ ಮೇಲೆ ಹಗ್ಗ ಕಟ್ಟಿದ ಮೊಳೆಯಿಂದ ನನ್ನ ಎದೆಯ ಎತ್ತರದ ಒಂದು ವೃತ್ತ ಎಳೆದರು.

"ಇದೇನು ಹೇಳ್ರೋ?"

"ಸೊನ್ನೆ ಸಾರ್" ಎಂದ ವಕೀಲರ ಮಗ. ನಮ್ಮ ತರಗತಿಯಲ್ಲಿ ಮಾತಿನಲ್ಲಿ ಅವನೇ ಮುಂದು, ಉಳಿ ಹಿಡಿಯುವುದರಲ್ಲಿ ನಾನು.

"ಗಾಡಿ ಚಕ್ರ. ಈ ವರ್ಷ ನಾವು ಎತ್ತಿನ ಗಾಡಿ ಮಾಡ್ತೀವಿ. ಆಟದ್ದಲ್ಲ, ನಿಜವಾದದ್ದು."

ಸುದ್ದಿ ಸಂಜೆಯೊಳಗೆ ಮನೆಮನೆ ತಲುಪಿತು. ಮರುದಿನ ವಕೀಲರು ಛತ್ರಿ ಊರಿಕೊಂಡು ಶಾಲೆಗೇ ಬಂದರು. "ನನ್ನ ಮಗ ಗಾಡೀಲಿ ಕೂರೋನು ಮೇಷ್ಟ್ರೇ, ಗಾಡಿ ಕೆತ್ತೋನಲ್ಲ."

"ಕೂತ ಗಾಡಿ ದಾರೀಲಿ ಮುರೀಬಾರದಲ್ಲ ಸ್ವಾಮಿ" ಎಂದರು ಮೇಷ್ಟ್ರು, ಹುಬ್ಬು ಒರೆಸಿಕೊಳ್ಳದೆ.

ಹೆಡ್ಮಾಸ್ತರರು ನಡುವೆ ಬಂದರು. ಅವರಿಗೆ ಮೊದಲಿಂದಲೂ ಆ ಶೆಡ್ಡಿನ ಮೇಲೆ ಕಣ್ಣು. ಅಲ್ಲಿ ಇನ್ನೊಂದು ಇಂಗ್ಲಿಷ್ ತರಗತಿ ನಡೆಸಬಹುದೆಂದು. "ಒಂದು ವರ್ಷ ಹುಡುಗರ ಕೈಲಿ ಮರ ಕಡಿಸಿ ಕೊನೆಗೆ ಅದು ಮೂಲೇಲಿ ಕೂತರೆ?" ಎಂದು ಕೇಳಿದರು.

"ಮೂಲೇಲಿ ಕೂರಲ್ಲ. ಭಾರ ಹೇರಿ ಭದ್ರಾವತಿಗೆ ಹೋಗಿ ವಾಪಸ್ ಬರುತ್ತೆ. ಅದೇ ಹುಡುಗರ ಪರೀಕ್ಷೆ. ಬರದಿದ್ರೆ ಶೆಡ್ಡಿನ ಬೀಗದಕೈ ನಿಮ್ಮ ಮೇಜಿನ ಮೇಲಿಡ್ತೀನಿ."

ಈ ಮಾತು ಆಡಿದವರು ನಮ್ಮ ಮೇಷ್ಟ್ರು. ನಾವು ಬಾಗಿಲ ಹೊರಗೆ ನಿಂತು ಕೇಳಿಸಿಕೊಂಡವರು. ಅಂದಿನಿಂದ ಆ ಶೆಡ್ಡು ನಮ್ಮದಾಯಿತು.

ಮಳೆಗಾಲವಿಡೀ ಚಕ್ರದ ಕೆಲಸ. ನಡುವಿನ ಗುಂಬ, ಅದರಿಂದ ಹೊರಡುವ ಆರೆಕಾಲು, ಅವನ್ನೆಲ್ಲ ಹಿಡಿದಿಡುವ ಸುತ್ತುಮರ. ಆರೆಕಾಲುಗಳ ನಡುವಿನ ಅಂತರ ಒಂದೇ ಸಮ ಬರಬೇಕು. ಲೆಕ್ಕದ ಮೇಷ್ಟ್ರು ಕೋನ, ಪರಿಧಿ ಎಂದು ಬೋರ್ಡಿನ ಮೇಲೆ ಬರೆದಾಗ ನನ್ನ ತಲೆಗೆ ಹೋಗದ್ದು, ಇಲ್ಲಿ ದಾರ ಸುತ್ತಿ, ಮಡಚಿ, ಗುರುತು ಹಾಕಿದಾಗ ಹೋಯಿತು. ಒಂದು ದಿನ ದಾರವನ್ನು ಚಕ್ರದ ಅಡ್ಡಕ್ಕೆ ಹಿಡಿದು ನೋಡಿದೆ. ಮೂರು ಸಲ ಹಿಡಿದರೂ ಸುತ್ತಳತೆಗೆ ಒಂದಿಷ್ಟು ಕಡಿಮೆ. "ಸಾರ್, ಮೂರೂ ಚಿಲ್ಲರೆ ಬರ್ತಾ ಇದೆ!" ಎಂದು ಕೂಗಿದೆ. ಮೇಷ್ಟ್ರು ನನ್ನನ್ನು ದಾರದ ಸಮೇತ ಲೆಕ್ಕದ ಮೇಷ್ಟ್ರ ಬಳಿಗೆ ಕಳಿಸಿದರು. "ಅವರಿಗೂ ತೋರ್ಸು. ಖುಷಿಪಡ್ತಾರೆ." ಅವರು ಖುಷಿಪಟ್ಟರು ಕೂಡ.

ಮಳೆ ಬಿಡುವು ಕೊಟ್ಟ ಒಂದು ದಿನ ಶಾಲೆಯ ಅಂಗಳದಲ್ಲಿ ಬೆರಣಿ ಜೋಡಿಸಿ ಬೆಂಕಿ ಹಾಕಿ ಚಕ್ರದ ಮೇಲೆ ಕಬ್ಬಿಣದ ಪಟ್ಟಿ ಏರಿಸಿದೆವು. ಕಾದು ಹಿಗ್ಗಿದ ಪಟ್ಟಿಯನ್ನು ಇಕ್ಕಳದಲ್ಲಿ ಎತ್ತಿ ಮರದ ಸುತ್ತ ಕೂರಿಸಬೇಕು, ಮರ ಹತ್ತಿಕೊಳ್ಳುವುದರೊಳಗೆ ನೀರು ಸುರಿಯಬೇಕು. ಸುರಿದಾಗ ಪಟ್ಟಿ ಕುಗ್ಗಿ ಇಡೀ ಚಕ್ರ ಕಟಕಟ ಎಂದು ಬಿಗಿದುಕೊಂಡಿತು. ಹೊಗೆಯಲ್ಲಿ ಕೆಮ್ಮುತ್ತ ವಕೀಲರ ಮಗ ಕುಣಿದುಬಿಟ್ಟ. ಮೇಷ್ಟ್ರು ಹೆಬ್ಬೆರಳು ಒತ್ತಿ, "ಮುಂದೆ" ಎಂದರು.

ಬೇಸಿಗೆ ಬರುವಷ್ಟರಲ್ಲಿ ಗಾಡಿ ನಿಂತಿತ್ತು. ನಮಗೆ ಹೆಮ್ಮೆ ತಡೆಯಲಾಗಲಿಲ್ಲ. ಆರೆಕಾಲಿಗೆ ಕೆಂಪು, ಸುತ್ತುಮರಕ್ಕೆ ಹಸಿರು ಬಣ್ಣ ಬಳಿದೆವು. ವಕೀಲರ ಮಗ ಒಣ ಹೊನ್ನೆ ಹಲಗೆಯ ಮೇಲೆ ಶಾಲೆಯ ಹೆಸರನ್ನು ಉಬ್ಬು ಅಕ್ಷರದಲ್ಲಿ ಕೆತ್ತಿ ಗಾಡಿಯ ಹಿಂದೆ ಕೂರಿಸಿದ. ಉಳಿ ಹಿಡಿಯಲು ಬಾರದಿದ್ದ ಹುಡುಗ ಅಷ್ಟು ಚೆಂದ ಕೆತ್ತಿದ್ದನೆಂದರೆ ಹೆಡ್ಮಾಸ್ತರರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು ಓದಿದರು.

ನಮ್ಮ ಅಪ್ಪ ಬಾಡಿಗೆ ಗಾಡಿ ಹೊಡೆಯುತ್ತಿದ್ದರು. ಕಾಡಿನ ಕಟ್ಟಿಗೆಯನ್ನು ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಕುಲುಮೆಗೆ ಸಾಗಿಸುವ ಕೆಲಸ. ಪರೀಕ್ಷೆಗೆ ಎತ್ತು ಅವರದೇ. ಹೊರಡುವ ಹಿಂದಿನ ಸಂಜೆ ಎತ್ತು ಹಿಡಿದುಕೊಂಡು ಬಂದು ಗಾಡಿಯ ಸುತ್ತ ಒಂದು ಸಲ ತಿರುಗಿದರು.

"ಏನ್ರೋ ಇದು, ಮದುವೆ ಗಂಡಿನ ಥರ ಸಿಂಗಾರ ಮಾಡಿದೀರಿ! ಹೊಳೆಗೆ ಇಳಿಸಿದ್ರೇನ್ರೋ?"

ಬಿಸಿಲುಕಾಲದಲ್ಲಿ ದೂರ ಹೋಗುವ ಮುನ್ನ ಗಾಡಿಯವರು ರಾತ್ರಿಯಿಡೀ ಚಕ್ರಗಳನ್ನು ಹೊಳೆಯಲ್ಲಿ ನೆನೆಸುತ್ತಾರೆ. ಒಣಗಿ ಕುಗ್ಗಿದ ಮರ ನೀರು ಕುಡಿದು ಉಬ್ಬಿ ಪಟ್ಟಿಯನ್ನು ಬಿಗಿ ಹಿಡಿಯಲಿ ಎಂದು. ತುಂಗೆ ಅಲ್ಲೇ ಹತ್ತಿರ. ಆದರೆ ಬಣ್ಣ ಒಣಗಿ ಒಂದು ದಿನವಾಗಿರಲಿಲ್ಲ.

"ಬಣ್ಣ ಹೋಗುತ್ತಪ್ಪ" ಎಂದೆವು ಎಲ್ಲರೂ ಒಟ್ಟಿಗೆ.

"ಹಂಗಾದ್ರೆ ಬಣ್ಣದ ಮೇಲೇ ಕೂತ್ಕೊಂಡು ಬೆಂಕೀಪುರಕ್ಕೆ ಹೋಗ್ರಿ" ಎಂದು ಅಪ್ಪ ನಕ್ಕು ಹೊರಟುಹೋದರು. ಭದ್ರಾವತಿಗೆ ಅವರ ಬಾಯಲ್ಲಿ ಕೊನೆಯವರೆಗೂ ಹಳೆಯ ಹೆಸರೇ.

ಮೇಷ್ಟ್ರು ಪಕ್ಕದಲ್ಲೇ ನಿಂತು ಎಲ್ಲವನ್ನೂ ಕೇಳಿಸಿಕೊಂಡರು. ನಮ್ಮ ಮುಖ ನೋಡಿದರು, ಚಕ್ರ ನೋಡಿದರು. "ನಾಳೆ ಪರೀಕ್ಷೆ. ಪರೀಕ್ಷೇಲಿ ಮೇಷ್ಟ್ರು ಹೇಳಿಕೊಡೋ ಹಾಗಿಲ್ಲ, ಗೊತ್ತಲ್ಲ?" ಎಂದಷ್ಟೇ ಹೇಳಿ ಮೂಲೆಯ ಅಂಗಡಿಯ ಕಡೆ ನಡೆದರು.

ಬೆಳಗಾಗುತ್ತಲೇ ಮರಳಿನ ಮೂಟೆ ಹೇರಿಕೊಂಡು ಹೊರಟೆವು. ಬರುವಾಗ ಶಾಲೆಯ ಕಿಟಕಿಗೆ ಕಬ್ಬಿಣದ ಸರಳು ತರುವುದೆಂದು ಮಾತು. ಗಾಡಿ ಹೊಡೆಯುವವನು ನಾನು. ಮೇಷ್ಟ್ರು ಮೂಟೆಗಳ ಮೇಲೆ ಚಕ್ಕಳಮಕ್ಕಳ ಹಾಕಿ ಕೂತರು. ಎಂದೂ ಇಲ್ಲದ್ದು, ಅವತ್ತು ಎಲೆ ಅಡಿಕೆ ಹಾಕಿಕೊಂಡು ಕೆನ್ನೆ ಉಬ್ಬಿಸಿಕೊಂಡಿದ್ದರು. ಏನು ಕೇಳಿದರೂ "ಹ್ಞೂಂ", "ಊಹ್ಞೂಂ" ಅಷ್ಟೇ.

ನಿದಿಗೆ ಹಳ್ಳಿ ದಾಟಿ ಬಿಸಿಲು ನೆತ್ತಿಗೇರುವಾಗ ಬಲಗಡೆ ಚಕ್ರದಿಂದ ಕಿರ್ ಕಿರ್ ಸದ್ದು ಬರತೊಡಗಿತು. ಇಳಿದು ನೋಡಿದೆ. ಪಟ್ಟಿ ಮರದಿಂದ ಒಂದು ಬೆರಳಿನಷ್ಟು ಪಕ್ಕಕ್ಕೆ ಜಾರಿತ್ತು. ಇನ್ನು ಸ್ವಲ್ಪ ದೂರ ಹೋದರೆ ಪಟ್ಟಿ ಕಳಚಿ ಬೀಳುತ್ತದೆ, ಆರೆಕಾಲು ಒಂದೊಂದಾಗಿ ಬಿಚ್ಚಿಕೊಳ್ಳುತ್ತವೆ. ಶೆಡ್ಡಿನ ಬೀಗದಕೈ ಹೆಡ್ಮಾಸ್ತರರ ಮೇಜಿನ ಮೇಲೆ ಬಿದ್ದ ಸದ್ದು ನನ್ನ ಕಿವಿಗೆ ಕೇಳಿಸಿದಂತಾಯಿತು.

"ಸಾರ್?" ಎಂದೆ.

ಮೇಷ್ಟ್ರು ಇಳಿದರು, ಬಗ್ಗಿ ನೋಡಿದರು, ಎಲೆ ಜಗಿಯುತ್ತ ಹೋಗಿ ಹುಣಸೆ ಮರದ ನೆರಳಿನಲ್ಲಿ ನಮಗೆ ಬೆನ್ನು ಹಾಕಿ ಕೂತರು.

"ಮೊಳೆ ಹೊಡೆಯೋಣ" ಎಂದ ಒಬ್ಬ.

"ಮೊಳೆ ಹೊಡೆದ್ರೆ ಮರ ಸೀಳುತ್ತೆ ಕಣೋ" ಎಂದೆ. "ಬೆಣೆ ಹೊಡೀಬೇಕು. ಪಟ್ಟಿಗೂ ಮರಕ್ಕೂ ನಡುವೆ. ಚೆನ್ನಾಗಿ ಒಣಗಿದ ಮರದ್ದು. ಆಮೇಲೆ ನೀರು ಕುಡಿಸಿದ್ರೆ ಅದು ಉಬ್ಬಿ ಹಿಡ್ಕೊಳ್ಳುತ್ತೆ."

"ಒಣ ಮರ ಎಲ್ಲಿಂದ ತರೋಣ? ಇಲ್ಲಿರೋದೆಲ್ಲ ಹಸಿ."

ಎಲ್ಲರೂ ಸುತ್ತ ನೋಡಿದೆವು. ಕೆತ್ತುವ ಬಾಚಿ ಇತ್ತು, ಬಡಿಯುವ ಕೊಡತಿ ಇತ್ತು, ಮರ ಇರಲಿಲ್ಲ. ನನಗೆ ಹೊಳೆದಿತ್ತು, ಆದರೆ ಬಾಯಿ ಬಿಟ್ಟು ಹೇಳುವುದು ಹೇಗೆ? ವಕೀಲರ ಮಗನೇ ಎದ್ದು ಗಾಡಿಯ ಹಿಂದಕ್ಕೆ ಹೋದ. ಶಾಲೆಯ ಹೆಸರಿನ ಹಲಗೆ ಕಿತ್ತು ತಂದು ನನ್ನ ಮುಂದೆ ಹಾಕಿದ.

"ಬೇಡವೋ" ಎಂದೆ.

"ಗಾಡಿ ಮುರಿದುಬಿದ್ರೆ ಈ ಹೆಸರನ್ನ ತಲೆ ಮೇಲೆ ಹೊತ್ಕೊಂಡು ಹೋಗ್ಲಾ? ಕೊಡು ಬಾಚಿ, ನಾನೇ ಸೀಳ್ತೀನಿ. ನೀನು ಬೆಣೆ ಚೂಪು ಮಾಡು."

ಮೊದಲ ಏಟಿಗೆ ಅವನು ಮುಖ ತಿರುಗಿಸಿಕೊಂಡ. ಎರಡನೆಯದಕ್ಕೆ ತಿರುಗಿಸಲಿಲ್ಲ. ಜಾರಿದ ಪಟ್ಟಿಯನ್ನು ಕೊಡತಿಯಿಂದ ಬಡಿದು ಜಾಗಕ್ಕೆ ತಂದು, ಒಬ್ಬೊಬ್ಬರೂ ಒಂದೊಂದು ಬೆಣೆ ಹಿಡಿದು ಚಕ್ರದ ಸುತ್ತ ಕೂತೆವು. ಎದುರುಬದುರಿಗೆ ಸಮವಾಗಿ ಹೊಡೆಯಬೇಕು, ಇಲ್ಲದಿದ್ದರೆ ಪಟ್ಟಿ ಒಂದು ಕಡೆಗೆ ಎಳೆಯುತ್ತದೆ. ನಾನು ಹೇಳಿದ ಹಾಗೆ ಎಲ್ಲರೂ ಹೊಡೆದರು. ಇಬ್ಬರು ಓಡಿಹೋಗಿ ರಸ್ತೆ ಬದಿಯ ಕೆರೆಯಲ್ಲಿ ಗೋಣಿಚೀಲ ಅದ್ದಿಕೊಂಡು ಬಂದರು. ಅದನ್ನು ಚಕ್ರಕ್ಕೆ ಸುತ್ತಿ, ಎತ್ತುಗಳನ್ನು ನೆರಳಿಗೆ ಕಟ್ಟಿ ಕಾದೆವು. ಗೋಣಿ ಬಿಚ್ಚಿದಾಗ ನಮ್ಮ ಹಸಿರು ಬಣ್ಣ ಅರ್ಧ ಗೋಣಿಯ ಪಾಲಾಗಿತ್ತು. ಪಟ್ಟಿ ಅಲುಗಲಿಲ್ಲ.

ಮೇಷ್ಟ್ರು ಬಂದು ಬೆಣೆಗಳ ಮೇಲೆ ಹೆಬ್ಬೆರಳು ಒತ್ತುತ್ತ ಚಕ್ರದ ಸುತ್ತ ಒಂದು ಸುತ್ತು ಹಾಕಿದರು. ಬಾಯಿ ತುಂಬಿದ್ದರಿಂದ "ಮುಂದೆ" ಎನ್ನಲಾಗದೆ ರಸ್ತೆಯ ಕಡೆ ಕೈ ತೋರಿಸಿದರು.

ಭದ್ರಾವತಿ ಸೇರಿದ ಕೂಡಲೇ ನಾವು ಮಾಡಿದ ಮೊದಲ ಕೆಲಸವೆಂದರೆ ಗಾಡಿಯನ್ನು ಭದ್ರಾ ನದಿಗೆ ಇಳಿಸಿದ್ದು. ಬಣ್ಣದ ಆಸೆ ಯಾರಿಗೂ ಉಳಿದಿರಲಿಲ್ಲ. ಪಾಳಿ ಮುಗಿಸಿ ಕೈಕಾಲು ತೊಳೆಯಲು ಬಂದಿದ್ದ ಕಾರ್ಖಾನೆಯ ಮೇಸ್ತ್ರಿಯೊಬ್ಬರು, ತಮಿಳರು, ಚಕ್ರ ನೋಡಿ ನಿಂತರು. "ಎನ್ನಪ್ಪಾ ಇದು, ಹೊಸಾ ಗಾಡೀಗೆ ಹಲ್ಲು ಬಂದೈತೆ!" ಎಂದು ನಕ್ಕರು. ಆಮೇಲೆ ಬಗ್ಗಿ ಒಂದು ಬೆಣೆ ಅಲುಗಿಸಲು ನೋಡಿದರು. ಅದು ಅಲುಗಲಿಲ್ಲ. "ಯಾರು ಹೊಡೆದಿದ್ದು?" ಎಲ್ಲರೂ ನನ್ನ ಕಡೆ ಕೈ ತೋರಿಸಿದರು.

ಮರುದಿನ ಸರಳು ಹೇರಿಕೊಂಡು ಶಿವಮೊಗ್ಗಕ್ಕೆ ಬಂದೆವು. ಹೆಡ್ಮಾಸ್ತರರು ಶಾಲೆಯ ಬಾಗಿಲಲ್ಲೇ ನಿಂತಿದ್ದರು, ಪಕ್ಕದಲ್ಲಿ ವಕೀಲರು. ಗಾಡಿ ಒಳಗೆ ಬಂತು, ನಿಂತಿತು. ಹೆಡ್ಮಾಸ್ತರರು ಹಿಂದಕ್ಕೆ ಹೋಗಿ ನೋಡಿ, "ಬೋರ್ಡ್ ಎಲ್ರೀ? ಶಾಲೆ ಹೆಸರೇ ಇಲ್ಲವಲ್ಲ!" ಎಂದರು.

ಮೇಷ್ಟ್ರು ಗಾಡಿಯಿಂದ ಇಳಿದು ಬೇಲಿಯ ಪಕ್ಕಕ್ಕೆ ಹೋಗಿ ಎಲೆ ಉಗಿದು ಬಂದರು. ಎರಡು ದಿನದಲ್ಲಿ ಅವರಾಡಿದ ಮೊದಲ ಪೂರ್ತಿ ಮಾತು ಇದು.

"ಚಕ್ರದಲ್ಲಿದೆ ಸಾರ್. ಓದ್ಕೊಳ್ಳಿ."

ಹೆಡ್ಮಾಸ್ತರರು ನಿಜವಾಗಿಯೂ ಬಗ್ಗಿದರು. ಒಂದು ಬೆಣೆಯ ತುದಿಯಲ್ಲಿ ಉಬ್ಬು ಅಕ್ಷರದ ಅರ್ಧ ತುಂಡು ಇನ್ನೂ ಇತ್ತು. ವಕೀಲರು ಮಗನ ಅಂಗೈ ಹಿಡಿದು ಬೊಬ್ಬೆಗಳನ್ನು ನೋಡಿದರು. ಶೆಡ್ಡು ಶೆಡ್ಡಾಗಿಯೇ ಉಳಿಯಿತು.

ನಾನು ಮಾತ್ರ ಉಳಿಯಲಿಲ್ಲ. ಆ ಮಳೆಗಾಲದಲ್ಲಿ ಅಪ್ಪನ ಕಾಲಿನ ಮೇಲೆ ದಿಮ್ಮಿ ಉರುಳಿತು. ನಾನು ಶಾಲೆ ಬಿಟ್ಟೆ. ಮೇಷ್ಟ್ರು ಮನೆಗೆ ಬಂದರು. ಮತ್ತೆ ಶಾಲೆಗೆ ಕಳಿಸಿ ಎಂದು ಬೇಡಿಕೊಳ್ಳುತ್ತಾರೆ ಎಂದುಕೊಂಡಿದ್ದೆ. ಅವರು ಜಗುಲಿಯ ಮೇಲೆ ಕೂತು ಅಪ್ಪನಿಗೆ ಹೇಳಿದರು: "ಶಾಲೆ ಬಿಡಿಸಿದ್ದಕ್ಕೆ ನಾನು ಏನೂ ಅನ್ನಲ್ಲ. ಇವನನ್ನ ದಿಮ್ಮಿ ಹೊರೋಕೆ ಮಾತ್ರ ಹಾಕಬೇಡಿ. ಈ ಕೈ ದಿಮ್ಮಿ ಹೊರೋ ಕೈಯಲ್ಲ." ಮುಂದಿನ ವಾರ ಅವರೇ ನನ್ನನ್ನು ರೈಲಿನಲ್ಲಿ ಭದ್ರಾವತಿಗೆ ಕರೆದುಕೊಂಡು ಹೋಗಿ ಆ ತಮಿಳು ಮೇಸ್ತ್ರಿಯನ್ನು ಹುಡುಕಿ ಮುಂದೆ ನಿಲ್ಲಿಸಿದರು. "ಹಲ್ಲು ಕಟ್ಟಿದ ಹುಡುಗ" ಎಂದರು. ಮೇಸ್ತ್ರಿಗೆ ನೆನಪಿತ್ತು. ಕರಗಿದ ಕಬ್ಬಿಣ ಎರೆಯುವ ಮೊದಲು ಅದರ ರೂಪವನ್ನು ಮರದಲ್ಲಿ ಕೆತ್ತುವ ಶೆಡ್ಡಿಗೆ ನಾನು ಸೇರಿದ್ದು ಹಾಗೆ. ಇವತ್ತು ಆ ಶೆಡ್ಡಿಗೆ ನಾನೇ ಮೇಸ್ತ್ರಿ. ಪಾಸಾದ ಕಾಗದ ಒಂದೂ ನನ್ನ ಬಳಿ ಇಲ್ಲ. ನಾನು ಕೆತ್ತಿದ ಮರದಿಂದ ಹುಟ್ಟಿದ ಕಬ್ಬಿಣ ಈ ಸೀಮೆಯಲ್ಲೆಲ್ಲ ತಿರುಗುತ್ತಿದೆ, ಭಾರ ಹೊರುತ್ತಿದೆ. ಯಾರು ಬೇಕಾದರೂ ಹೆಬ್ಬೆರಳು ಒತ್ತಿ ನೋಡಲಿ.

ಎರಡನೇ ಮಹಾಯುದ್ಧ ಮುಗಿದ ವರ್ಷ ಮೇಷ್ಟ್ರು ತೀರಿಕೊಂಡರು. ಸುದ್ದಿ ತಿಳಿದ ಕೂಡಲೇ ಸಿಕ್ಕ ರೈಲಿಗೇ ಹೋದೆ. ಯಾರೋ ಅವರ ಮುಖ ತೊಳೆದಿದ್ದರು. ಹುಬ್ಬು ಸ್ವಚ್ಛವಾಗಿತ್ತು, ಅಪ್ಪಟ ಬಿಳುಪು. ಹುಬ್ಬು ಬೆಳ್ಳಗಾಗಿತ್ತೆಂದು ನನಗೆ ಗೊತ್ತಾದದ್ದೇ ಅವತ್ತು.

ಅವರ ಹೆಂಡತಿ ನನ್ನನ್ನು ಗುರುತಿಸಿದರು. "ನೀನು ಗಾಡಿ ಹುಡುಗ ಅಲ್ವೇನಪ್ಪ?" ಎಂದರು. "ಅವತ್ತು ಭದ್ರಾವತಿಯಿಂದ ಬಂದು ಬಾಯಿ ತೆಗೀಲಿಕ್ಕೇ ಆಗ್ತಿರ್ಲಿಲ್ಲ ಅವರಿಗೆ. ಜನ್ಮದಲ್ಲಿ ಎಲೆ ಅಡಿಕೆ ಮುಟ್ಟಿದವರಲ್ಲ, ಸುಣ್ಣ ಎಷ್ಟು ಹಚ್ಚಬೇಕು ಅಂತ ತಿಳೀದೆ ನಾಲಿಗೆಯೆಲ್ಲ ಸುಟ್ಕೊಂಡಿದ್ರು. ಯಾಕ್ರೀ ಹಾಕ್ಕೊಂಡ್ರಿ ಅಂದ್ರೆ, ಬಾಯಿ ಖಾಲಿ ಇದ್ದಿದ್ರೆ ಹೇಳಿಕೊಟ್ಬಿಡ್ತಿದ್ದೆ ಕಣೆ, ಅಂದ್ರು."

ನನ್ನ ಶೆಡ್ಡಿನಲ್ಲಿ ಈಗ ಕೆಲಸ ಕಲಿಯುವ ಹುಡುಗರಿದ್ದಾರೆ. ಅವರಲ್ಲೊಬ್ಬ ತಪ್ಪು ಅಳತೆಗೆ ಉಳಿ ಇಡುವುದು ಕಂಡರೆ ನಾಲಿಗೆಯ ತುದಿಗೆ ಮಾತು ಬಂದು ನಿಲ್ಲುತ್ತದೆ. ಆಗ ಎಲೆಗೆ ಸುಣ್ಣ ಹಚ್ಚಿ ಮಡಚಿ ಬಾಯಿಗೆ ಹಾಕಿಕೊಂಡು, ಅವನಿಗೆ ಬೆನ್ನು ಮಾಡಿ ಕೂರುತ್ತೇನೆ. ಸುಣ್ಣದ ಹದ ನನಗೆ ಚೆನ್ನಾಗಿ ಗೊತ್ತು. ಆದರೂ ಒಮ್ಮೊಮ್ಮೆ ಬೇಕೆಂದೇ ಒಂದಿಷ್ಟು ಹೆಚ್ಚು ಹಚ್ಚಿಕೊಳ್ಳುತ್ತೇನೆ.