ಸಾಲಿಗೊಂದು ಕಂಟ್ರೋಲ್-ಎಸ್

ಟೈಪಿಂಗ್ ಮೇಷ್ಟ್ರ ಎಡಗೈ ಕಿರುಬೆರಳು ಉಳಿದ ನಾಲ್ಕರ ಜೊತೆ ಸೇರುತ್ತಿರಲಿಲ್ಲ. ಹೊರಕ್ಕೆ ಬಾಗಿ, ತುದಿ ಚಪ್ಪಟೆಯಾಗಿ, ಸಿಟ್ಟು ಮಾಡಿಕೊಂಡ ಅಳಿಯನ ಹಾಗೆ ಒಂಟಿಯಾಗಿ ನಿಂತಿರುತ್ತಿತ್ತು. ಮೊದಲು ಟೈಪ್‌ರೈಟರಿನ ಶಿಫ್ಟ್ ಕೀ, ಆಮೇಲೆ ಕಂಪ್ಯೂಟರಿನ ಕಂಟ್ರೋಲ್ ಕೀ, ಇವನ್ನು ಮೂವತ್ತೈದು ವರ್ಷ ಒತ್ತಿ ಒತ್ತಿ ಹಾಗಾಗಿದ್ದು. ಚಹಾ ಕುಡಿಯುವಾಗಲೂ ಅದು ಗಾಳಿಯಲ್ಲಿ ಏನನ್ನೋ ಒತ್ತುತ್ತಲೇ ಇರುತ್ತಿತ್ತು.

ಹೊಸಪೇಟೆ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ, ಮಿರ್ಚಿ ಅಂಗಡಿಯ ಮೇಲಿನ ಅಂತಸ್ತು ಅವರ ಇನ್‌ಸ್ಟಿಟ್ಯೂಟ್. ಆರು ಟೈಪ್‌ರೈಟರು, ನಾಲ್ಕು ಕಂಪ್ಯೂಟರು. ಹುಡುಗರಿಗೆ ಟೈಪಿಂಗ್ ಕಲಿಸುತ್ತಿದ್ದರು, ಬಂದವರಿಗೆ ಆನ್‌ಲೈನ್ ಅರ್ಜಿ ತುಂಬಿಕೊಡುತ್ತಿದ್ದರು. ಬೆಳಿಗ್ಗೆ ಕಂಪ್ಲಿಯಿಂದ ಮೊದಲ ಬಸ್ಸಿಗೆ ಬಂದು, ಸಂಡೂರಿನ ಅದಿರು ಲಾರಿಗಳು ಎಬ್ಬಿಸಿದ ಕೆಂಪು ಧೂಳನ್ನು ಬಣ್ಣ ಬಳಿಯುವ ಬ್ರಶ್ಶಿನಿಂದ ಕೀ ಕೀಯ ಸಂದಿಯಿಂದ ಹೊಡೆಯುವುದು ಅವರ ನಿತ್ಯಕರ್ಮ. ಮೌಸುಗಳನ್ನೆಲ್ಲ ಡ್ರಾಯರಿಗೆ ಹಾಕಿ ಬೀಗ ಜಡಿದಿದ್ದರು. ಕೇಳಿದರೆ, "ದೇವರು ಹತ್ತು ಬೆರಳು ಕೊಟ್ಟಾನ. ಅಂಗೈ ಯಾಕ ಎಳೆದಾಡ್ತಿ?" ಅನ್ನುತ್ತಿದ್ದರು.

ನಾನು ಅಲ್ಲಿ ಸೇರಿದಾಗ ಬಿ.ಎ. ಎರಡನೇ ವರ್ಷದ ಹುಡುಗಿ. ಚರ್ಚಾಸ್ಪರ್ಧೆಯ ಪಾರಿತೋಷಕಗಳಿಗೆ ಟಿವಿ ಮೇಲೆ ಜಾಗ ಸಾಲದೆ, ಅವ್ವ ಅವನ್ನು ಫ್ರಿಜ್ ಮೇಲೆ ಜೋಡಿಸುತ್ತಿದ್ದ ಕಾಲ. ದೇವರಿಂದ ಹಿಡಿದು ಪ್ರಿನ್ಸಿಪಾಲರ ಸುತ್ತೋಲೆಯವರೆಗೆ ಯಾವುದನ್ನೂ ಪುರಾವೆಯಿಲ್ಲದೆ ಒಪ್ಪುತ್ತಿರಲಿಲ್ಲ. ಮೊದಲ ದಿನವೇ ತಕರಾರು ತೆಗೆದೆ. ಬೆರಳು ದೇವರು ಕೊಟ್ಟದ್ದಲ್ಲ, ವಿಕಾಸದಿಂದ ಬಂದದ್ದು ಎಂದು ಐದು ನಿಮಿಷ ವಾದಿಸಿದೆ. ಮೇಷ್ಟ್ರು ಪೂರ್ತಿ ಕೇಳಿದರು.

"ಮುಗೀತೇನು?"

"ಮುಗೀತು ಸರ್."

"ಯಾರು ಕೊಟ್ರೇನು, ಬಂದಾವಲ್ಲ. ಎ ಎಸ್ ಡಿ ಎಫ್ ಮ್ಯಾಲೆ ಇಡು."

ಅವರ ಜೊತೆ ವಾದ ಹೀಗೇ. ಗೆದ್ದೆನೋ ಸೋತೆನೋ ತಿಳಿಯುತ್ತಲೇ ಇರಲಿಲ್ಲ. ಎದುರಾಳಿ ವೇದಿಕೆ ಹತ್ತದಿದ್ದರೆ ಏನು ಮಾಡುವುದು?

ಟೈಪ್‌ರೈಟರಿನಲ್ಲಿ ಸಾಲು ಮುಗಿಯುತ್ತಿದ್ದಂತೆ ಒಂದು ಸಣ್ಣ ಗಂಟೆ ಬಡಿಯುತ್ತದೆ. ಆಗ ಎಡಗೈಯಿಂದ ಪಕ್ಕದ ಸನ್ನೆಕೋಲು ತಳ್ಳಿ ಹೊಸ ಸಾಲಿಗೆ ಹೋಗಬೇಕು. ಕಂಪ್ಯೂಟರಿಗೆ ಬಂದ ಮೇಲೆ ಮೇಷ್ಟ್ರ ಎಡಗೈಗೆ ಸನ್ನೆಕೋಲು ಇಲ್ಲದೆ ಕಸಿವಿಸಿ. ಅದರ ಜಾಗಕ್ಕೆ ಕಂಟ್ರೋಲ್-ಎಸ್ ತಂದುಕೊಂಡರು. ಒಂದು ಸಾಲು ಹೊಡೆದರೆ ಒಂದು ಕಂಟ್ರೋಲ್-ಎಸ್, ಬರೆದಷ್ಟು ಉಳಿಸಿದಂತೆ. ಯಾವ ಗಳಿಗೆಯಲ್ಲಿ ಕರೆಂಟು ಹೋಗುತ್ತದೋ ಹೇಳಲಾಗದ ಊರಲ್ಲಿ ಅದು ಒಳ್ಳೆಯ ಚಾಳಿಯೇ. ನಮಗೆಲ್ಲ ಅದು ಅಂಟಿತ್ತು. ಆದರೆ ಬ್ರೌಸರಿನಲ್ಲಿ ವೆಬ್ ಪುಟದ ಮೇಲೆ ಅರ್ಜಿ ತುಂಬುವಾಗಲೂ ಅವರು ಅದನ್ನೇ ಒತ್ತುತ್ತಿದ್ದರು. ಅಲ್ಲಿ ಅದರಿಂದ ಅರ್ಜಿ ಉಳಿಯುವುದಿಲ್ಲ. 'ಪುಟವನ್ನು ಎಲ್ಲಿ ಇಡಲಿ' ಎಂದು ಕೇಳುವ ಒಂದು ಚೌಕ ಏಳುತ್ತದೆ, ಅಷ್ಟೇ. ಮೇಷ್ಟ್ರು ಎಸ್ಕೇಪ್ ಒತ್ತಿ ಅದನ್ನು ಮಲಗಿಸಿ ಮುಂದಿನ ಸಾಲಿಗೆ ಹೋಗುತ್ತಿದ್ದರು.

"ಉಪಯೋಗ ಇಲ್ಲ ಸರ್ ಇದು," ಅಂದೆ ಒಮ್ಮೆ.

"ನಂಗೊತ್ತು. ಬೆರಳಿಗೆ ಗೊತ್ತಿಲ್ಲ."

ಒಂದು ಮಧ್ಯಾಹ್ನ ಹಂಪಿಯಿಂದ ಸೈಕಲಕ್ಕ ಬಂದಳು. ಅಲ್ಲಿ ಪ್ರವಾಸಿಗರಿಗೆ ಸೈಕಲ್ ಬಾಡಿಗೆಗೆ ಕೊಡುವವಳಾದ್ದರಿಂದ ಎಲ್ಲರ ಬಾಯಲ್ಲೂ ಆಕೆ ಸೈಕಲಕ್ಕ. ಪಿಯುಸಿವರೆಗೆ ಓದಿದ್ದಳು. ಯಾವ ಮಂಟಪಕ್ಕೆ ಯಾವ ಹೊತ್ತಿಗೆ ಬಿಸಿಲು ಬೀಳುತ್ತದೆ, ಯಾವ ಕಂಬದ ಬುಡದಲ್ಲಿ ಕೆತ್ತುವವನು ಕೆಲಸ ಅರ್ಧಕ್ಕೆ ಬಿಟ್ಟಿದ್ದಾನೆ, ಎಲ್ಲ ಬಲ್ಲವಳು. ಆದರೆ ಗುರುತಿನ ಚೀಟಿಯಿಲ್ಲದೆ ಗೈಡ್ ಆಗುವಂತಿಲ್ಲ. ಚೀಟಿ ಬೇಕೆಂದರೆ ತರಬೇತಿಗೆ ಆಯ್ಕೆಯಾಗಬೇಕು. ಅರ್ಜಿಯಲ್ಲಿ 'ನೀವೇಕೆ ಗೈಡ್ ಆಗಬೇಕು' ಎಂದು ಒಂದು ಪುಟ ಬರೆಯಬೇಕಿತ್ತು, ಆಯ್ಕೆ ನಡೆಯುವುದು ಆ ಪುಟ ನೋಡಿಯೇ. ಒಬ್ಬರಿಗೆ ಒಂದೇ ಅರ್ಜಿ. ಮಾರನೇ ದಿನ ಕೊನೆಯ ದಿನ. ಮುಂದಿನ ವರ್ಷಕ್ಕೆ ಆಕೆಯ ವಯಸ್ಸು ಮೀರುತ್ತಿತ್ತು.

ಸೈಕಲಕ್ಕ ಬೆಂಚಿನ ತುದಿಯಲ್ಲಿ ಕೂತು, ರಾತ್ರಿಯೆಲ್ಲ ಬಾಯಿಪಾಠ ಮಾಡಿದ್ದನ್ನು ಹೇಳತೊಡಗಿದಳು. ಮೇಷ್ಟ್ರು ವೆಬ್ ಪುಟದಲ್ಲೇ ಟೈಪ್ ಹೊಡೆದರು. "ನಾನು ಹಂಪಿಯಲ್ಲಿ ಸೈಕಲ್ ಬಾಡಿಗೆಗೆ ಕೊಡುತ್ತೇನೆ." ಸಾಲು ಮುಗಿಯಿತು. ಕಿರುಬೆರಳು ಇಳಿಯಿತು. ತೆರೆಯ ಮೇಲೆ ಹಸಿರು ಅಕ್ಷರ ಮೂಡಿತು: ನಿಮ್ಮ ಅರ್ಜಿ ಯಶಸ್ವಿಯಾಗಿ ಸಲ್ಲಿಕೆಯಾಗಿದೆ.

ಸೈಕಲಕ್ಕ, "ಆತೇನ್ರಿ? ಇನ್ನೂ ಭಾಳ ಐತಿ," ಅಂದಳು.

ಪಕ್ಕದ ಕುರ್ಚಿಯಿಂದ ನಾನು ಇಣುಕಿದೆ. ತೀರ್ಪು ಕೊಡಲು ನನಗೆ ಅರ್ಧ ನಿಮಿಷವೂ ಬೇಕಾಗಲಿಲ್ಲ. ಕಂಟ್ರೋಲ್-ಎಸ್ ಒತ್ತಿದರೆ ಬ್ರೌಸರು ಪುಟ ಉಳಿಸುವ ಚೌಕ ತೆರೆಯುತ್ತದೆ. ದಿನಾ ನೋಡಿದ್ದೇವೆ. ಅದರಿಂದ ಅರ್ಜಿ ಹೋಗುವುದು ಸಾಧ್ಯವಿಲ್ಲ. ಅರ್ಜಿ ಹೋಗಿದೆ. ಆದ್ದರಿಂದ ಮೇಷ್ಟ್ರು ಒತ್ತಿದ್ದು ಬೇರೆ ಏನೋ.

"ಸರ್ ಬೆರಳು ತಪ್ಪೇತಿ ಅಕ್ಕ," ಅಂದೆ. "ವಯಸ್ಸಾತಲ್ಲ."

ಆರು ಟೈಪ್‌ರೈಟರೂ ನಿಂತವು. ಸೈಕಲಕ್ಕ ಮೇಷ್ಟ್ರ ಕೈ ನೋಡಿದಳು. ಅವಳ ಕಣ್ಣು ತುಂಬಿತು. ಮೇಷ್ಟ್ರೂ ತಮ್ಮ ಕೈಗಳನ್ನು ಕೀಬೋರ್ಡಿನಿಂದ ಎತ್ತಿ, ಬೇರೆ ಯಾರದೋ ಎಂಬಂತೆ ತಿರುಗಿಸಿ ನೋಡಿಕೊಂಡರು.

"ಇರಬಹುದು," ಅಂದರು. "ನಿನ್ನ ಬೆರಳಿಗೆ ವಯಸ್ಸಾಗಿಲ್ಲಲ್ಲ? ನೀ ಒತ್ತು."

ಒತ್ತಿಯೇ ತೋರಿಸುತ್ತೇನೆ ಎಂಬ ಹುರುಪು ನನಗೆ. ನನ್ನ ಹೆಸರಲ್ಲೇ ಹೊಸ ಅರ್ಜಿ ತೆರೆದೆ. ವಿವರ ತುಂಬಿ, ಪ್ರಬಂಧದ ಜಾಗದಲ್ಲಿ 'ನಾನು' ಎಂದು ಹೊಡೆದೆ. "ನೋಡ್ರಿ, ಈಗ ಚೌಕ ಬರ್ತೈತಿ," ಎಂದು ಎಲ್ಲರಿಗೂ ಕೇಳುವಂತೆ ಹೇಳಿ ಕಂಟ್ರೋಲ್-ಎಸ್ ಒತ್ತಿದೆ.

ನಿಮ್ಮ ಅರ್ಜಿ ಯಶಸ್ವಿಯಾಗಿ ಸಲ್ಲಿಕೆಯಾಗಿದೆ.

"ಚಲೋ ಆತು," ಅಂದರು ಮೇಷ್ಟ್ರು. "ಹಂಪಿಗೆ ಇನ್ನೊಬ್ಬಾಕಿ ಗೈಡ್ ಸಿಕ್ಕಂಗಾತು."

ಕಣ್ಣೀರಿನ ನಡುವೆಯೇ ಸೈಕಲಕ್ಕನಿಗೆ ನಗು ಬಂತು.

ಆಗಿದ್ದು ಇಷ್ಟು. ವೆಬ್ ಪುಟದ ಜೊತೆ ಸ್ಕ್ರಿಪ್ಟ್ ಎಂಬ ಸಣ್ಣ ಪ್ರೋಗ್ರಾಂ ಬಂದು ಬ್ರೌಸರಿನೊಳಗೆ ಕೂರುತ್ತದೆ. ನಾವು ಕೀ ಒತ್ತಿದ ಸದ್ದು ಮೊದಲು ಅದಕ್ಕೆ ಕೇಳುತ್ತದೆ. 'ಇದು ನನಗೆ ಬಂದದ್ದು, ನೀನು ಸುಮ್ಮನಿರು' ಎಂದು ಬ್ರೌಸರಿಗೆ ಹೇಳಿ, ತನಗೆ ಬೇಕಾದ್ದು ಮಾಡಬಹುದು. ಈ ಪುಟ ಬರೆದವರು ಕಂಟ್ರೋಲ್-ಎಸ್ ಎಂದರೆ 'ಸಲ್ಲಿಸು' ಎಂದು ಇಟ್ಟಿದ್ದರು. 'ಖಚಿತವೇ' ಎಂದು ಕೇಳುವ ಸೌಜನ್ಯವೂ ಅದಕ್ಕಿರಲಿಲ್ಲ. ಇದನ್ನು ನಾನು ಮೊಬೈಲಿನಲ್ಲಿ ಹುಡುಕಿ ಓದಿ ಹೇಳಿದಾಗ ಮೇಷ್ಟ್ರು ಅಂದದ್ದು: "ಬಾಡಿಗಿಗೆ ಬಂದಾವ ಮನಿ ಮಾಲಕನ ಫೋನ್ ಎತ್ತಿ, ಮನಿ ಮಾರೇವಿ ಅಂದಂಗಾತು."

ಸಹಾಯವಾಣಿಗೆ ಫೋನ್ ಮಾಡಿದವಳು ನಾನೇ. ಮೂರು ಅಂಶಗಳಲ್ಲಿ ವಾದ ಕಟ್ಟಿದೆ, ಪ್ರತಿವಾದವನ್ನು ಮೊದಲೇ ಊಹಿಸಿ ಅದಕ್ಕೂ ಉತ್ತರ ಕೊಟ್ಟೆ. ಅಂಥ ಭಾಷಣಕ್ಕೆ ಯಾವ ಸ್ಪರ್ಧೆಯಲ್ಲೂ ಮೊದಲ ಬಹುಮಾನ ಖಾತ್ರಿ. ಆ ಕಡೆಯ ಯುವಕ, "ಮೇಡಂ, ಸಿಸ್ಟಮ್‌ನ್ಯಾಗ ಸಬ್ಮಿಟ್ ಅಂತ ಐತಿ. ಮತ್ತ ತೆರಿಯಾಕ ಬರಂಗಿಲ್ಲ," ಅಂದ. ನಾಲ್ಕು ಸಲ ಅದನ್ನೇ ಅಂದ.

ಮೇಷ್ಟ್ರು ಕೈ ಚಾಚಿದರು. ಫೋನ್ ಕೊಟ್ಟೆ. ಸ್ಪೀಕರಿಗೆ ಹಾಕಿದರು.

"ತಮ್ಮಾ, ಊಟ ಆತೇನಪ?"

"ಆತ್ರಿ ಸರ್."

"ನಿನ್ನ ಮುಂದ ಆ ಪೇಜ್ ಐತೇನು? ನಿನ್ನ ಹೆಸರ್ಲೆ ಒಂದು ಅರ್ಜಿ ತೆರಿ. ಏನರ ಒಂದು ಹೊಡಿ. ಹೊಡದ್ಯಾ? ಈಗ ಕಂಟ್ರೋಲ್ ಹಿಡದು ಎಸ್ ಒತ್ತು."

ಫೋನಿನಲ್ಲಿ ಕೀ ಒತ್ತಿದ ಸದ್ದು ಬಂತು. ಆಮೇಲೆ ಇನ್ನೂ ಎರಡು ಮೂರು ಸಲ ಟಕಟಕ ಬಂತು.

"ಸರ್," ಅಂದ ಯುವಕ ಸಣ್ಣ ದನಿಯಲ್ಲಿ, "ನಂದೂ ಹೋತ್ರಿ."

"ಏನ್ ಬರದಿದ್ದಿ?"

"ಎ ಎಸ್ ಡಿ ಎಫ್ ಅಂತ್ರಿ."

"ಎಡಗೈ ಮೊದಲನೇ ಪಾಠ. ಬರೋಬರಿ ಐತಿ."

ಇಡೀ ಹಾಲ್ ನಕ್ಕಿತು, ಫೋನಿನೊಳಗೆ ಅವನೂ ನಕ್ಕ. ಮೇಲಿನವರಿಗೆ ತೋರಿಸುತ್ತೇನೆ ಎಂದ. ಮಾರನೇ ದಿನ ಹನ್ನೊಂದು ಗಂಟೆಗೆ ಸೈಕಲಕ್ಕನ ಅರ್ಜಿ ಮತ್ತೆ ತೆರೆಯಿತು. ಈ ಸಲ ಮೇಷ್ಟ್ರು ಮೊದಲು ಬೇರೆ ಕಡತದಲ್ಲಿ ಹೊಡೆದು, ಸಾಲಿಗೊಂದು ಕಂಟ್ರೋಲ್-ಎಸ್ ಒತ್ತಿ, ಕೊನೆಗೆ ಪೂರ್ತಿ ಎತ್ತಿ ಪುಟದಲ್ಲಿ ಇಟ್ಟರು. ಎರಡನೇ ಸಾಲು ನನಗೆ ಇನ್ನೂ ನೆನಪಿದೆ: "ದಾರಿ ಕೇಳಿದವರಿಗೆ ಹದಿನಾಲ್ಕು ವರ್ಷ ದಾರಿ ಹೇಳಿದ್ದೇನೆ, ಒಬ್ಬರೂ ದಾರಿ ತಪ್ಪಿ ವಾಪಸು ಬಂದಿಲ್ಲ."

ಆಮೇಲೆ ಮೇಷ್ಟ್ರು ಒಂದು ಉದ್ದ ನೋಟ್‌ಬುಕ್ ಇಟ್ಟರು. ಯಾವ ವೆಬ್ ಪುಟ ಬ್ರೌಸರಿನ ಯಾವ ಕೀಯನ್ನು ಕಸಿದುಕೊಳ್ಳುತ್ತದೆ ಎಂಬ ಪಟ್ಟಿ. ಪ್ರಿಂಟ್ ಕೊಡು ಎಂದರೆ ಪ್ರೊಫೈಲ್ ತೆರೆಯುವ ಪುಟ, ಹುಡುಕು ಎಂದರೆ ತನ್ನದೇ ಹುಡುಕುಪೆಟ್ಟಿಗೆ ತಂದಿಡುವ ಪುಟ, ಎಲ್ಲವೂ ಅಲ್ಲಿದ್ದವು. ಗಾದಿಗನೂರು, ಮೆಟ್ರಿಯಂಥ ಸುತ್ತಲಿನ ಊರುಗಳ ಆನ್‌ಲೈನ್ ಸೆಂಟರಿನವರು ಅರ್ಜಿ ತುಂಬುವ ಮೊದಲು ಫೋನ್ ಮಾಡಿ, "ಸರ್, ಈ ಪುಟ ಹೆಂಗ?" ಎಂದು ವಿಚಾರಿಸುತ್ತಿದ್ದರು. ಹೆಣ್ಣು ಕೊಡುವ ಮನೆ ವಿಚಾರಿಸಿದಂತೆಯೇ. "ಕಂಟ್ರೋಲ್-ಡಿ ಒಂದು ಮುಟ್ಟಬ್ಯಾಡ, ಉಳಿದಂಗ ಸಂಭಾವಿತ," ಎಂದು ಇವರ ಉತ್ತರ.

ನನ್ನ ಅರ್ಜಿ ತಿರಸ್ಕೃತವಾಯಿತು. 'ಪ್ರಬಂಧ ಅಪೂರ್ಣ' ಎಂದು ಕಾರಣ ಬಂದಿತ್ತು. ಒಂದು ತಿಂಗಳು ಮೇಷ್ಟ್ರು ದಿನಕ್ಕೊಮ್ಮೆ, "'ನಾನು' ಅಂದಮ್ಯಾಲೆ ಅಕಿಗೆ ಹೇಳಾಕ ಬ್ಯಾರೆ ಏನೂ ಇರಲಿಲ್ಲಪ," ಎಂದು ಹೊಸಬರಿಗೆ ಹೇಳಿ ನನ್ನ ಕಡೆ ನೋಡುತ್ತಿದ್ದರು. ನಾನೂ ನಗುತ್ತಿದ್ದೆ. ಆದರೆ ಹೇಳಬೇಕಾದ ಒಂದು ಮಾತನ್ನು ಮಾತ್ರ ಹೇಳಿರಲಿಲ್ಲ. ಸೋಲುವ ಸುಳಿವು ಸಿಕ್ಕರೆ ವಿಷಯ ಬದಲಿಸು ಎಂಬುದು ಚರ್ಚಾಸ್ಪರ್ಧೆಯ ತಂತ್ರ. ಆ ಮಾತಿನ ಬದಲಿಗೆ ನೋಟ್‌ಬುಕ್ಕಿಗೆ ಗೆರೆ ಹೊಡೆದುಕೊಟ್ಟೆ, ಮಿರ್ಚಿ ತಂದುಕೊಟ್ಟೆ, ಬ್ರಶ್ಶು ಹಿಡಿದು ಧೂಳೂ ಹೊಡೆದೆ.

ಆಯ್ಕೆಯ ಪಟ್ಟಿ ಬಂದ ದಿನ ಸೈಕಲಕ್ಕ ಒಂದು ಗೊನೆ ಸುಗಂಧಿ ಬಾಳೆಹಣ್ಣು ಹೊತ್ತು ಮೆಟ್ಟಿಲು ಹತ್ತಿದಳು. ಆಕೆಗೆ ಸೀಟು ಸಿಕ್ಕಿತ್ತು. ಗೊನೆ ಇಳಿಸಿ, ಉಸಿರು ತಕ್ಕೊಂಡು ಮೊದಲು ಆಡಿದ ಮಾತು ಇದು: "ಅವತ್ತು ನಿಮ್ಮ ಕೈ ಮ್ಯಾಲೆ ನಾನೂ ಅನುಮಾನಪಟ್ಟೆ ಸರ್. ತಪ್ಪಾತು."

ಎಷ್ಟು ಸಲೀಸಾಗಿ ಅಂದುಬಿಟ್ಟಳು. ನಾನು ಎದ್ದು ನಿಂತೆ.

"ಸರ್, ನಂದೂ ತಪ್ಪಾತು."

"ಏನಂದಿ? ಮಷಿನ್ ಸದ್ದಿನ್ಯಾಗ ಕೇಳಲಿಲ್ಲ."

"ನಂದು ತಪ್ಪಾತು ಸರ್," ಅಂದೆ ಜೋರಾಗಿ. ಮಷಿನ್ನುಗಳೆಲ್ಲ ಆಗಲೇ ನಿಂತಿದ್ದವು. ಕೆಳಗಿನ ಮಿರ್ಚಿಯವನಿಗೂ ಕೇಳಿಸಿರಬೇಕು.

ಮೇಷ್ಟ್ರು ಹಣ್ಣು ಸುಲಿಯುತ್ತ, "ಹ್ಞೂ. ಎಲ್ಲಾರೂ ಒಂದೊಂದು ಹಣ್ಣು ತಗೊಳ್ರಿ. ಕೈ ತೊಳಕೊಂಡು ಕೀ ಮುಟ್ರಿ," ಅಂದರು.

ಹೋದ ವರ್ಷ ಮೇಷ್ಟ್ರು ಕಂಪ್ಲಿಯಲ್ಲಿ ತೀರಿಕೊಂಡರು. ಹಿಂದಿನ ದಿನವೂ ಇನ್‌ಸ್ಟಿಟ್ಯೂಟಿಗೆ ಬಂದು ಹೋಗಿದ್ದರಂತೆ. ನಾನೀಗ ಸಂಡೂರಿನ ಒಂದು ಕಾಲೇಜಿನಲ್ಲಿ ಪಾಠ ಮಾಡುತ್ತೇನೆ, ಮಕ್ಕಳನ್ನು ಚರ್ಚಾಸ್ಪರ್ಧೆಗೆ ತಯಾರು ಮಾಡುತ್ತೇನೆ. ಕಳೆದ ವಾರ ಮೊದಲ ವರ್ಷದ ಹುಡುಗಿಯೊಬ್ಬಳು ಎದ್ದು, "ಮೇಡಂ, ನೀವು ಬೋರ್ಡ್ ಮ್ಯಾಲೆ ಬರದಿದ್ದು ತಪ್ಪೈತ್ರಿ," ಅಂದಳು. ನಾಲಿಗೆಯ ತುದಿಗೆ ಮೂರು ಅಂಶಗಳು ಬಂದು ನಿಂತವು. ನುಂಗಿಕೊಂಡು, ಬಂದು ತೋರಿಸು ಎಂದು ಚಾಕ್‌ಪೀಸ್ ಕೊಟ್ಟೆ. ತೋರಿಸಿದಳು. ತಪ್ಪೇ ಆಗಿತ್ತು.

"ನಂದು ತಪ್ಪಾತು," ಅಂದೆ. ಹಿಂದಿನ ಬೆಂಚಿಗೂ ಕೇಳುವಂತೆ, ಮೊದಲನೇ ಸಲಕ್ಕೇ.